ಬೈಲಕುಪ್ಪೆಯ ಟಿಬೆಟನ್ ಅಂಗಡಿ: ಏನು ನೋಡಬೇಕು, ಏನು ಕೇಳಬೇಕು, ಏನು ತರಬೇಕು

ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಹೊರಗೆ ಬಂದವರು ಎದುರಿನ ಅಂಗಡಿ ಸಾಲಿಗೆ ಹೋಗದೆ ವಾಪಸ್ ಬರುವುದು ಕಡಿಮೆ. ಆದರೆ ಹೆಚ್ಚಿನವರು ಅಲ್ಲಿ ಕಳೆಯುವುದು ಹತ್ತೇ ನಿಮಿಷ. ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಒಂದು ಬಣ್ಣದ ಬಾವುಟದ ಸರ, ಒಂದು ಕೀ ಚೈನು, ಹೊಟ್ಟೆ ದೊಡ್ಡದಿರುವ ಒಂದು ನಗುವ ಬುದ್ಧ. ಅಷ್ಟು ತಗೊಂಡು ಓಡುತ್ತಾರೆ. ಆ ನಗುವ ಬುದ್ಧ ಚೀನಾದ ಕಡೆಯವನು. ಟಿಬೆಟಿಯನ್ನರು ಪೂಜಿಸುವ ಬುದ್ಧನ ಮೂರ್ತಿ ಹಾಗಿರುವುದಿಲ್ಲ. ಕೇಳಿದ್ದರೆ ಅಂಗಡಿಯವರೇ ಹೇಳುತ್ತಿದ್ದರು.

ನಾನು ಮೈಸೂರಿನವಳು. ಬೈಲಕುಪ್ಪೆ ನಮಗೆ ಸುಮಾರು 80 ಕಿಲೋಮೀಟರ್. ವರ್ಷಕ್ಕೆ ಒಂದೆರಡು ಸಲ ಹೋಗುತ್ತೇನೆ, ಧೂಪ ಮುಗಿದರೆ ಇನ್ನೊಂದು ಸಲ. ಅಲ್ಲಿನ ಸಣ್ಣ ಅಂಗಡಿಗಳಲ್ಲಿ ಕೂತು, ಕೇಳಿ, ಕೆಲವು ಸಲ ತಪ್ಪು ವಸ್ತು ಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನೆಲ್ಲ ಬರೆಯುವುದು ಒಂದು ಮಾತು ಹೇಳುವುದಕ್ಕೆ. ಯಾವ ವಸ್ತು ಕೈಗೆ ತಗೊಂಡರೂ "ಇದು ಎಲ್ಲಿ ಮಾಡಿದ್ದು?" ಅಂತ ಕೇಳಿ. ಬೆಲೆ ಕೇಳುವ ಮುಂಚೆ ಕೇಳಿ.

ಹೋಗುವ ದಿನ, ಹೊತ್ತು

ಶನಿವಾರ, ಭಾನುವಾರ ಬೇಡ. ಮಡಿಕೇರಿಗೆ ಹೋಗುವ, ಬರುವ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ವಾರದ ಮಧ್ಯೆ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತು ಒಳ್ಳೆಯದು. ಮೈಸೂರಿನಿಂದ ಕುಶಾಲನಗರದ ಕಡೆ ಹೋಗುವ ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿದರೆ ಆಟೋ ಸಿಗುತ್ತದೆ. "ಗೋಲ್ಡನ್ ಟೆಂಪಲ್" ಅಂದರೆ ಸಾಕು. ದೇವಸ್ಥಾನದ ನಿಜವಾದ ಹೆಸರು ನಾಮ್‌ಡ್ರೋಲಿಂಗ್.

ಕೆಲವು ದಿನ ಅಂಗಡಿಗಳು ಮುಚ್ಚಿರುತ್ತವೆ. ಅವರ ಹೊಸ ವರ್ಷ ಲೋಸರ್ ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಬರುತ್ತದೆ, ಚಾಂದ್ರಮಾನದ ಲೆಕ್ಕ. ಮಾರ್ಚ್ 10 ಅವರಿಗೆ ನೋವಿನ ದಿನ. 1959ರಲ್ಲಿ ಲ್ಹಾಸಾದಲ್ಲಿ ಜನ ಚೀನಾದ ವಿರುದ್ಧ ಎದ್ದ ದಿನ ಅದು. ಜುಲೈ 6 ದಲೈ ಲಾಮಾ ಅವರ ಹುಟ್ಟುಹಬ್ಬ. ಈ ದಿನಗಳಲ್ಲಿ ವ್ಯಾಪಾರಕ್ಕೆ ಅಂತ ಹೋಗಬೇಡಿ. ಚಳಿಗಾಲದಲ್ಲಿ ಕ್ಯಾಂಪಿನ, ಅಂದರೆ ಅಲ್ಲಿನ ಟಿಬೆಟನ್ ವಸತಿಯ, ಎಷ್ಟೋ ಮನೆಯವರು ಸ್ವೆಟರ್ ಮಾರಲು ಬೇರೆ ಬೇರೆ ಊರುಗಳಿಗೆ ಹೋಗಿರುತ್ತಾರೆ. ನಮ್ಮ ಊರುಗಳ ಬೀದಿ ಬದಿಯಲ್ಲಿ ಸ್ವೆಟರ್ ರಾಶಿ ಹಾಕಿಕೊಂಡು ಕೂರುತ್ತಾರಲ್ವಾ, ಅವರೇ.

ಹುಬ್ಬಳ್ಳಿ, ಶಿರಸಿ ಕಡೆಯವರಿಗೆ ಮುಂಡಗೋಡ ಹತ್ತಿರ. ಅಲ್ಲೂ ದೊಡ್ಡ ಟಿಬೆಟನ್ ಕಾಲೋನಿ ಇದೆ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಿವೆ. ಇಲ್ಲಿ ಬರೆದ ಮಾತುಗಳು ಅಲ್ಲಿಗೂ ನಡೆಯುತ್ತವೆ.

ಒಳಗೆ ಕಾಲಿಟ್ಟಾಗ

ಇವು ದೊಡ್ಡ ಅಂಗಡಿಗಳಲ್ಲ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಗಾಜಿನ ಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಒಬ್ಬರು ಕೂತಿರುತ್ತಾರೆ, ಕೈಯಲ್ಲಿ ಜಪಮಾಲೆ ತಿರುಗುತ್ತಿರುತ್ತದೆ. ವಯಸ್ಸಾದ ಹೆಂಗಸಾದರೆ "ಅಮಾ-ಲಾ" ಅನ್ನಿ. ವಯಸ್ಸಾದ ಗಂಡಸಾದರೆ "ಪಾ-ಲಾ". ಅಕ್ಕನ ವಯಸ್ಸಿನವರಾದರೆ "ಅಚಾ-ಲಾ". ಆ "ಲಾ" ಮರ್ಯಾದೆಯ ಮಾತು, ನಮ್ಮ ಧಾರವಾಡದವರ "ರೀ" ಇದ್ದ ಹಾಗೆ. ನಮಸ್ಕಾರಕ್ಕೆ "ತಾಶಿ ದೆಲೆಕ್". ಧನ್ಯವಾದಕ್ಕೆ "ಥುಕ್‌ಜೆ ಛೆ". ಇಷ್ಟು ಗೊತ್ತಿದ್ದರೆ ಮುಖದ ಮೇಲೆ ನಗು ಬಂದೇ ಬರುತ್ತದೆ.

ಭಾಷೆ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಕನ್ನಡದಲ್ಲೇ ಮಾತಾಡಿ. ಆಗಿನ ಮೈಸೂರು ರಾಜ್ಯ ಸರ್ಕಾರ ಟಿಬೆಟ್ ಬಿಟ್ಟು ಬಂದ ಇವರಿಗೆ ಸುಮಾರು 3000 ಎಕರೆ ಕಾಡುಭೂಮಿ ಕೊಟ್ಟು, 1961ರಲ್ಲಿ ಇಲ್ಲಿ ಮೊದಲ ವಸತಿ ಶುರುವಾಯಿತು. ಕಾಡು ಕಡಿದು, ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿಕೊಂಡವರು ಇವರು. ಈಗ ಗಲ್ಲಾಪೆಟ್ಟಿಗೆಯಲ್ಲಿ ಕೂತಿರುವ ಎಷ್ಟೋ ಜನ ಇಲ್ಲೇ ಹುಟ್ಟಿದವರು. ನಾನು ಹೋಗುವ ಅಂಗಡಿಯ ಅಮಾ-ಲಾ ಕುಶಾಲನಗರದ ಸಂತೆಯಲ್ಲಿ ಕಲಿತ ಕನ್ನಡ ಮಾತಾಡುತ್ತಾರೆ. "ಸುಮ್ನೆ ನೋಡು, ತಗೋಬೇಕು ಅಂತ ಏನಿಲ್ಲ" ಅನ್ನುತ್ತಾರೆ. ಮೊದಲ ಸಲ ಹೋದಾಗ ನಾನು ಕೇಳಿದ್ದಕ್ಕೆ ಒಂದೊಂದೇ ವಸ್ತುವಿನ ಮೇಲೆ ಬೆರಳಿಟ್ಟು ಹೇಳಿದ್ದರು. "ಇದು ನೇಪಾಳ. ಇದು ಡೆಲ್ಲಿ. ಇದೂ ಡೆಲ್ಲಿ. ಈ ಧೂಪ ಇಲ್ಲೇ ಕ್ಯಾಂಪಲ್ಲಿ ಮಾಡಿದ್ದು." ಒಂದು ನಿಮಿಷದಲ್ಲಿ ಇಡೀ ಅಂಗಡಿ ನನಗೆ ಅರ್ಥವಾಯಿತು.

ನೇಪಾಳದಿಂದ ಬಂದದ್ದು ಕೆಟ್ಟದ್ದು ಅಂತ ಅಲ್ಲ. ಕಂಚಿನ ಬಟ್ಟಲು, ಮೂರ್ತಿಗಳ ಒಳ್ಳೆಯ ಕೆಲಸಗಾರರು ಕಠ್ಮಂಡು ಕಣಿವೆಯಲ್ಲೇ ಇದ್ದಾರೆ. ಆದರೆ ಗೊತ್ತಿದ್ದು ಕೊಳ್ಳುವುದು ಬೇರೆ, ಗೊತ್ತಿಲ್ಲದೆ ಕೊಳ್ಳುವುದು ಬೇರೆ.

ಫೋಟೊ ತೆಗೆಯುವ ಮುಂಚೆ ಕೇಳಿ. ಮಂತ್ರ ಬರೆದ ಯಾವುದನ್ನೂ ನೆಲದ ಮೇಲೆ ಇಡಬೇಡಿ, ದಾಟಬೇಡಿ. ನಾವು ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದೇ ಭಾವನೆ ಅವರದ್ದೂ.

ಮೊದಲು ಧೂಪ

ಮೊದಲು ಧೂಪ ನೋಡಿ ಅನ್ನುವುದಕ್ಕೆ ಕಾರಣ ಇದೆ. ಅಂಗಡಿಯಲ್ಲಿ ಅತಿ ಅಗ್ಗದ ವಸ್ತು ಅದೇ. ಅತಿ ಟಿಬೆಟನ್ ಆದ ವಸ್ತುವೂ ಅದೇ. ಮೂಗು ಚುರುಕಾಗಿರುವಾಗಲೇ ನೋಡಬೇಕು, ಅರ್ಧ ಗಂಟೆ ಆದ ಮೇಲೆ ಎಲ್ಲ ಒಂದೇ ವಾಸನೆ ಅನ್ನಿಸುತ್ತದೆ.

ಊದಿನಕಡ್ಡಿ ನಮ್ಮ ಮೈಸೂರಿಗೆ ಹೊಸದಲ್ಲ. ನಮ್ಮದರಲ್ಲಿ ನಡುವೆ ಬಿದಿರಿನ ಕಡ್ಡಿ ಇರುತ್ತದೆ. ಟಿಬೆಟನ್ ಧೂಪದಲ್ಲಿ ಕಡ್ಡಿಯೇ ಇಲ್ಲ. ಮರದ ಪುಡಿ, ಬೇರು, ಮಸಾಲೆ ಎಲ್ಲ ನೀರು ಹಾಕಿ ನಾದಿ, ಶಾವಿಗೆ ಒತ್ತಿದ ಹಾಗೆ ತೂತಿನಿಂದ ಒತ್ತಿ, ಉದ್ದಕ್ಕೆ ಎಳೆದು, ನೆರಳಲ್ಲಿ ಒಣಗಿಸುತ್ತಾರೆ. ಟಿಬೆಟ್‌ನ ಹಳ್ಳಿಗಳಲ್ಲಿ ಕೊಂಬಿನ ತುದಿಗೆ ತೂತು ಮಾಡಿ, ಹಿಟ್ಟು ತುಂಬಿ, ಹೆಬ್ಬೆರಳಿನಿಂದ ಒತ್ತಿ ತೆಗೆಯುವ ಪದ್ಧತಿ ಇದೆ. ಒಣಗಿದ ಮೇಲೆ ಕಟ್ಟು ಮಾಡಿ ಬಣ್ಣದ ದಾರ ಸುತ್ತುತ್ತಾರೆ.

ಒಳಗೆ ಏನಿರುತ್ತದೆ? ಹೆಚ್ಚಾಗಿ ಜುನಿಪರ್ ಅನ್ನುವ ಹಿಮಾಲಯದ ಮರ. ಅದರ ಜೊತೆ ಗಂಧ, ರಕ್ತಚಂದನ, ಅಗರು, ಜಟಾಮಾಂಸಿ, ಲವಂಗ, ಜಾಕಾಯಿ, ಏಲಕ್ಕಿ, ಕೇಸರಿ, ಗುಗ್ಗುಳ. ಅರ್ಧಕ್ಕರ್ಧ ನಮ್ಮ ಗ್ರಂದಿಗೆ ಅಂಗಡಿಯ ಸಾಮಾನೇ. ಒಬ್ಬೊಬ್ಬರ ಪಾಕ ಒಂದೊಂದು.

ಆರಿಸುವುದು ಹೀಗೆ. ಮೊದಲು ಕಟ್ಟನ್ನು ಮೂಗಿನ ಹತ್ತಿರ ತನ್ನಿ. ಹಚ್ಚದೆ ಇರುವಾಗಲೇ ಪ್ಯಾಕೆಟ್ಟಿನಾಚೆಯಿಂದ ಘಮ್ ಅಂತ ಸೆಂಟಿನ ವಾಸನೆ ಹೊಡೆದರೆ ಅದು ಸೆಂಟು ಹಾಕಿದ್ದು. ಒಳ್ಳೆಯ ಧೂಪ ಹಚ್ಚದಿದ್ದಾಗ ಮೆಲ್ಲಗಿರುತ್ತದೆ. ಹಳೆ ಮರದ ಪೆಟ್ಟಿಗೆ ತೆರೆದ ಹಾಗೆ, ಅದರಲ್ಲಿ ಸ್ವಲ್ಪ ಲವಂಗ ಇಟ್ಟ ಹಾಗೆ. ನಮ್ಮಲ್ಲಿ ಮಸಾಲೆ ಬತ್ತಿಗೂ ಸೆಂಟಿನಲ್ಲಿ ಅದ್ದಿದ ಬತ್ತಿಗೂ ಇರುವ ವ್ಯತ್ಯಾಸ ಗೊತ್ತಿರುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಮೇಲ್ಮೈ ನೋಡಿ. ಬಣ್ಣ ತೀರಾ ಕೆಂಪು, ತೀರಾ ಹಸಿರು ಇದ್ದರೆ ಬಣ್ಣ ಸೇರಿಸಿದ್ದಾರೆ. ಒಳ್ಳೆಯದು ಕಂದು, ಬೂದು, ಇಲ್ಲವೇ ಮಂಕು ಕೆಂಪು. ಸ್ವಲ್ಪ ಒರಟು ಇರುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ನಾರು ಕಾಣುತ್ತದೆ.

ಕೊನೆಗೆ, "ಒಂದು ಚೂರು ಹಚ್ಚಿ ತೋರಿಸ್ತೀರಾ?" ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಅಮಾ-ಲಾ ಒಂದು ಇಂಚು ಮುರಿದು, ಬೂದಿ ತುಂಬಿದ ಹಿತ್ತಾಳೆ ಬಟ್ಟಲಲ್ಲಿ ಮಲಗಿಸಿ ಹಚ್ಚುತ್ತಾರೆ. ಆಗ ಎರಡು ಹೆಜ್ಜೆ ಹಿಂದೆ ನಿಲ್ಲಿ. ಹೊಗೆಯ ಮೇಲೆ ಮೂಗು ಇಡಬೇಡಿ. ಒಳ್ಳೆಯ ಧೂಪದ ಹೊಗೆ ಮೊದಲು ಸೌದೆ ಒಲೆಯ ಹಾಗೆ ಅನ್ನಿಸುತ್ತದೆ, ಆಮೇಲೆ ಒಂದೊಂದೇ ಪದರ ಬಿಡುತ್ತದೆ. ಗಂಟಲು ಕೆರೆದರೆ, ಕಣ್ಣು ಉರಿದರೆ ಬೇಡ ಅನ್ನಿ. ಉರಿದ ಭಾಗ ಹಾಗೇ ಬೂದು ಹುಳದಂತೆ ಉಳಿದಿರುತ್ತದೆ. ಬೆರಳಲ್ಲಿ ಒತ್ತಿ ನೋಡಿ, ಒಳ್ಳೆಯದಾದರೆ ವಿಭೂತಿಯಷ್ಟು ನಯವಾಗಿ ಪುಡಿಯಾಗುತ್ತದೆ.

ಪ್ಯಾಕೆಟ್ ಮೇಲೆ ಕಸ್ತೂರಿ ಅಂತ ಬರೆದಿರಬಹುದು. ಕಸ್ತೂರಿ ಮೃಗವನ್ನು ಬೇಟೆಯಾಡುವುದು, ಅದರ ಕಸ್ತೂರಿ ಮಾರುವುದು ನಮ್ಮ ದೇಶದಲ್ಲಿ ಅಪರಾಧ. ಹಾಗಾಗಿ ಅದು ಬರೀ ಸುವಾಸನೆಯ ಹೆಸರು ಅಂತ ತಿಳಿಯಿರಿ. "ನಿಜವಾದ ಕಸ್ತೂರಿನೇ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕೆಲವು ಧೂಪಗಳನ್ನು ನಿದ್ದೆಗೆ, ಮನಸ್ಸಿನ ನೆಮ್ಮದಿಗೆ ಅಂತ ಕೊಡುತ್ತಾರೆ. ಮೆನ್-ತ್ಸೀ-ಖಾಂಗ್ ಅನ್ನುವ ಟಿಬೆಟನ್ ವೈದ್ಯ ಸಂಸ್ಥೆಯೂ ಧೂಪ ತಯಾರಿಸುತ್ತದೆ. ವಾಸನೆ ಹಿಡಿಸಿದರೆ ಧಾರಾಳವಾಗಿ ತನ್ನಿ. ಆದರೆ ಕಾಯಿಲೆಗೆ ಔಷಧ ಬೇಕಿದ್ದರೆ ಅಂಗಡಿಯಲ್ಲಿ ಕೇಳಬೇಡಿ. ಸೋವಾ ರಿಗ್ಪಾ ಅಂದರೆ ಟಿಬೆಟನ್ ವೈದ್ಯಪದ್ಧತಿಗೆ ನಮ್ಮ ಸರ್ಕಾರ 2010ರಲ್ಲಿ ಮಾನ್ಯತೆ ಕೊಟ್ಟಿದೆ, ಬೈಲಕುಪ್ಪೆಯಲ್ಲೇ ವೈದ್ಯರಿದ್ದಾರೆ, ನಾಡಿ ಹಿಡಿದು ನೋಡುತ್ತಾರೆ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಧೂಪ ಎಷ್ಟೇ ಶುದ್ಧವಾಗಿದ್ದರೂ ಹೊಗೆ ಹೊಗೆಯೇ. ಕಿಟಕಿ ತೆರೆದಿಡಿ.

ಕಂಚಿನ ಬಟ್ಟಲು

ತಟ್ಟಿದರೆ ನಾದ ಬರುವ ಈ ಬಟ್ಟಲನ್ನು ಸಿಂಗಿಂಗ್ ಬೌಲ್ ಅಂತ ಈಗ ಎಲ್ಲರೂ ಕೇಳುತ್ತಾರೆ. "ಏಳು ಲೋಹ ಸೇರಿಸಿ ಮಾಡಿದ್ದು, ಚಿನ್ನ ಬೆಳ್ಳಿ ಇದೆ" ಅಂತ ಒಂದು ಮಾತು ಎಲ್ಲ ಕಡೆ ಓಡಾಡುತ್ತದೆ. ನಿಜದಲ್ಲಿ ಅದು ತಾಮ್ರ ಮತ್ತು ತವರ, ಅಂದರೆ ಕಂಚು. ನಮ್ಮ ಜಾಗಟೆಯ, ಅಜ್ಜಿಯ ಕಾಲದ ಕಂಚಿನ ತಟ್ಟೆಯ ಜಾತಿಯದೇ. ಅದಕ್ಕೆ ಬೆಲೆ ಕೊಡಬೇಕಾದದ್ದು ಬಡಿದು ಮಾಡಿದ ಕೈಕೆಲಸಕ್ಕೆ ಮತ್ತು ನಾದಕ್ಕೆ. ಏಳು ಲೋಹದ ಕಥೆಗೆ ಅಲ್ಲ.

ಬಟ್ಟಲನ್ನು ಅಂಗೈ ಮೇಲೆ ಚಪ್ಪಟೆಯಾಗಿ ಇಡಿ. ಬೆರಳು ಪಕ್ಕಕ್ಕೆ ತಾಗಬಾರದು, ತಾಗಿದರೆ ನಾದ ಸಾಯುತ್ತದೆ. ಬಟ್ಟೆ ಸುತ್ತಿದ ಕೋಲಿನಿಂದ ಮೆಲ್ಲಗೆ ತಟ್ಟಿ ಸುಮ್ಮನಿರಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಬಿರುಕಿದ್ದರೆ ಒಡಕು ದನಿ ಬರುತ್ತದೆ. ಇಲ್ಲೂ ಅದೇ. ಒಳ್ಳೆಯ ಬಟ್ಟಲಿನ ನಾದ ಅಲೆ ಅಲೆಯಾಗಿ ಏರಿಳಿಯುತ್ತಾ ತುಂಬಾ ಹೊತ್ತು ಉಳಿಯುತ್ತದೆ. ಹೊರಗೆ ರಸ್ತೆಯಲ್ಲಿ ಗಾಡಿ ಸದ್ದಿದ್ದರೆ ಅದು ನಿಲ್ಲುವ ತನಕ ಕಾಯಿರಿ.

ಕೈಯಲ್ಲಿ ಬಡಿದದ್ದಾದರೆ ಸುತ್ತಿಗೆಯ ಗುಳಿಗಳು ಒಂದೇ ಸಮ ಇರುವುದಿಲ್ಲ. ಎರಕ ಹೊಯ್ದು ಯಂತ್ರದಲ್ಲಿ ನಯಮಾಡಿದ್ದರ ಒಳಗೆ ಗ್ರಾಮೊಫೋನ್ ಪ್ಲೇಟಿನ ಗೆರೆಯಂಥ ಸುತ್ತು ಗೆರೆ ಕಾಣುತ್ತವೆ. ಯಂತ್ರದ್ದೂ ಚೆನ್ನಾಗಿ ಹಾಡಬಹುದು, ಆದರೆ ಬೆಲೆ ಕಡಿಮೆ ಇರಬೇಕು.

ಸಣ್ಣ ತಾಳದಂಥ ತಿಂಗ್‌ಶಾ ಕೂಡ ಇರುತ್ತದೆ, ಎರಡು ಬಿಲ್ಲೆ, ನಡುವೆ ತೊಗಲಿನ ಪಟ್ಟಿ. ಇದು ಅವರ ಪೂಜೆಯಲ್ಲಿ ನಿಜವಾಗಿ ಬಳಸುವ ವಾದ್ಯ. ಬಟ್ಟಲಿಗೆ ದುಡ್ಡು ಸಾಲದಿದ್ದರೆ ಇದನ್ನು ತನ್ನಿ ಅಂತ ನಾನು ಹೇಳುತ್ತೇನೆ.

ಆಭರಣ: ಇಲ್ಲಿ ನಿಧಾನ ಮಾಡಿ

ಕೆಲವು ವರ್ಷದ ಹಿಂದೆ ಬೇರೊಂದು ಪ್ರವಾಸಿ ಊರಿನಲ್ಲಿ ನನ್ನ ತಂಗಿಗೆ ನೀಲಿ ಕಲ್ಲಿನ ಒಂದು ಸರ ತಂದಿದ್ದೆ. ಫಿರೋಜಾ ಅಂತ ಹೇಳಿ ಕೊಟ್ಟಿದ್ದರು. ಮದುವೆ ಮನೆಯಲ್ಲಿ ಬೆವರಿಗೆ ಬಣ್ಣ ಬಿಟ್ಟು ಅವಳ ಬಿಳಿ ರೇಷ್ಮೆ ರವಿಕೆಯ ಕತ್ತಿನ ಪಟ್ಟಿ ನೀಲಿಯಾಯಿತು. ಆ ಕಲೆ ಇವತ್ತಿಗೂ ಹೋಗಿಲ್ಲ. ಆವತ್ತಿನಿಂದ ಕಲ್ಲಿನ ವಿಷಯ ಕೇಳಿ ಕಲಿತೆ.

ಟಿಬೆಟಿಯನ್ನರಿಗೆ ಮೂರು ಕಲ್ಲು ಮುಖ್ಯ. ನೀಲಿ ಫಿರೋಜಾ, ಕೆಂಪು ಹವಳ, ಹಳದಿ ಅಂಬರು. ಹವಳ ಸಮುದ್ರದ್ದು, ಅಂಬರು ಮರದ ಅಂಟು. ಸಮುದ್ರವೇ ಇಲ್ಲದ ನಾಡಿನ ಹೆಂಗಸರು ಹವಳ ತೊಟ್ಟದ್ದು ದೂರದ ವ್ಯಾಪಾರದಿಂದ ಬಂದದ್ದರಿಂದ. ಅದಕ್ಕೇ ಅದು ಅಷ್ಟು ಬೆಲೆಯದ್ದು. ಹಾಗಿರುವಾಗ ಇನ್ನೂರು ರೂಪಾಯಿಯ ಸರದಲ್ಲಿ ನಿಜವಾದ ಫಿರೋಜಾ, ನಿಜವಾದ ಹವಳ ಇರಲು ಸಾಧ್ಯವೇ ಇಲ್ಲ. ಅಗ್ಗದ ನೀಲಿ ಕಲ್ಲು ಹೆಚ್ಚಾಗಿ ಹೌಲೈಟ್ ಅನ್ನುವ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದು, ಇಲ್ಲವೇ ಪ್ಲಾಸ್ಟಿಕ್.

ಮಣಿಯ ತೂತಿನ ಅಂಚು ನೋಡಿ. ಅಲ್ಲಿ ಒಳಗಿನ ಬಿಳಿ ಇಣುಕುತ್ತಿದ್ದರೆ ಬಣ್ಣ ಹಾಕಿದ್ದು. ಎಲ್ಲ ಮಣಿಗಳ ನೀಲಿ ಒಂದೇ ಥರ ಇದ್ದರೂ ಅನುಮಾನ ಪಡಿ. ನೇಲ್ ಪಾಲಿಶ್ ತೆಗೆಯುವ ದ್ರಾವಣವನ್ನು ಹತ್ತಿಗೆ ಹಾಕಿ ಒರೆಸಿದರೆ ಅಗ್ಗದ ಬಣ್ಣ ಹತ್ತಿಗೆ ಬರುತ್ತದೆ. ಆದರೆ ಇದನ್ನು ಅಂಗಡಿಯವರನ್ನು ಕೇಳಿಯೇ ಮಾಡಿ, ನಿಜವಾದ ಕಲ್ಲಿನ ಹೊಳಪೂ ಹಾಳಾಗಬಹುದು.

ಬಣ್ಣ ಹಾಕಿದ ಸರ ಕೊಳ್ಳಲೇಬಾರದು ಅಂತ ಅಲ್ಲ. ಚೆಂದ ಇದ್ದರೆ, ಬೆಲೆ ಅದಕ್ಕೆ ತಕ್ಕ ಹಾಗಿದ್ದರೆ ತಗೊಳ್ಳಿ. ಬಿಳಿ ಬಟ್ಟೆ ಮೇಲೆ ಮಾತ್ರ ಹಾಕಬೇಡಿ.

ಇನ್ನು "ಟಿಬೆಟನ್ ಸಿಲ್ವರ್". ಜರ್ಮನ್ ಸಿಲ್ವರ್ ಪೂಜಾ ತಟ್ಟೆಯಲ್ಲಿ ಬೆಳ್ಳಿ ಇಲ್ಲ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇದೂ ಹಾಗೇ. ಟಿಬೆಟನ್ ಸಿಲ್ವರ್ ಅಂತ ಮಾರುವುದರಲ್ಲಿ ಬೆಳ್ಳಿ ತೀರಾ ಕಡಿಮೆ, ಎಷ್ಟೋ ಸಲ ಇರುವುದೇ ಇಲ್ಲ. ತಾಮ್ರ, ತವರ, ನಿಕ್ಕಲ್ ಸೇರಿದ ಮಿಶ್ರಣ. ಕೆಲವದರಲ್ಲಿ ಸೀಸವೂ ಇರುವುದರಿಂದ ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ಇಂಥ ಸರ, ಬಳೆ ಕೊಡಬೇಡಿ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕಿವಿ ತುರಿಸಿ ಕೆಂಪಾಗುತ್ತದೆ. ಓಲೆ ತಗೊಳ್ಳುವುದಾದರೆ 925 ಅಂತ ಮುದ್ರೆ ಇರುವ ಬೆಳ್ಳಿಯದೇ ತಗೊಳ್ಳಿ. "ಬೆಳ್ಳಿನಾ, ಬಿಳಿ ಲೋಹನಾ?" ಅಂತ ನೇರವಾಗಿ ಕೇಳಿ. ದೊಡ್ಡ ಮೊತ್ತ ಆದರೆ ಬಿಲ್ಲಿನಲ್ಲಿ ಬೆಳ್ಳಿ ಅಂತ ಬರೆಸಿ, ಊರಿಗೆ ಬಂದು ಅಕ್ಕಸಾಲಿಗರ ಹತ್ತಿರ ಒರೆ ಹಚ್ಚಿಸಿ.

ನನಗೆ ಅಲ್ಲಿನ ಆಭರಣಗಳಲ್ಲಿ ತುಂಬಾ ಇಷ್ಟ ಗಾವ್. ಕತ್ತಿಗೆ ಹಾಕಿಕೊಳ್ಳುವ ಸಣ್ಣ ಪೆಟ್ಟಿಗೆ. ಒಳಗೆ ಮಂತ್ರ ಬರೆದ ಕಾಗದವೋ, ಗುರುಗಳು ಕೊಟ್ಟ ಏನಾದರೂ ಪವಿತ್ರ ವಸ್ತುವೋ ಇಟ್ಟುಕೊಳ್ಳುತ್ತಾರೆ. ಲಿಂಗಾಯತರ ಮನೆಯ ಕರಡಿಗೆ ನೋಡಿದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ಮುಚ್ಚಳ ತೆಗೆದು ಹಾಕಿ ನೋಡಿ, ಬಿಗಿಯಾಗಿ ಕೂರಬೇಕು. ಕೊಂಡಿಯ ಬೆಸುಗೆ ನೋಡಿ.

ಕಪ್ಪು ಬಿಳುಪು ಕಣ್ಣುಗಳಿರುವ ಉದ್ದ ಮಣಿಗೆ ಝೀ ಅನ್ನುತ್ತಾರೆ. ಹಳೆಯದಕ್ಕೆ ಲಕ್ಷಗಟ್ಟಲೆ ಬೆಲೆ, ಅಂಥದ್ದು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಇರುವುದು ಹೊಸದು. ಹೊಸದು ಅಂತ ತಿಳಿದು, ಹೊಸದರ ಬೆಲೆಗೆ ಕೊಳ್ಳಿ.

ಮಣಿಚಕ್ರದ ಮುಚ್ಚಳ ತೆಗೆಸಿ

ಕೈಯಲ್ಲಿ ಹಿಡಿದು ತಿರುಗಿಸುವ ಚಕ್ರ ನೋಡಿರುತ್ತೀರಿ. ಬಲಕ್ಕೆ, ಅಂದರೆ ನಾವು ಪ್ರದಕ್ಷಿಣೆ ಹಾಕುವ ದಿಕ್ಕಿಗೆ ತಿರುಗಿಸಬೇಕು. ಆದರೆ ಚಕ್ರದ ಜೀವ ಇರುವುದು ಒಳಗೆ. ಮೇಲಿನ ಗುಂಡಿ ತಿರುಗಿಸಿದರೆ ಮುಚ್ಚಳ ಬರುತ್ತದೆ. ನಾನು ತಂದ ಚಕ್ರದ ಮುಚ್ಚಳವನ್ನು ಅಮಾ-ಲಾ ತೆಗೆದು ತೋರಿಸಿದ್ದರು. ಒಳಗೆ ಹಳದಿ ಬಟ್ಟೆ ಸುತ್ತಿದ ಒಂದು ಸುರುಳಿ, ಬೀಡಿ ಕಟ್ಟಿಗಿಂತ ಬಿಗಿ. ಬಟ್ಟೆಯ ತುದಿ ಬಿಡಿಸಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದ. ಅದರಲ್ಲಿ ಇರುವೆ ಸಾಲಿನ ಹಾಗೆ ಓಂ ಮಣಿ ಪದ್ಮೇ ಹೂಂ, ಸಾಲಿನ ಮೇಲೆ ಸಾಲು, ಜಾಗವೇ ಬಿಡದೆ. ಒಂದು ಸಲ ತಿರುಗಿಸಿದರೆ ಅಷ್ಟೂ ಮಂತ್ರ ಹೇಳಿದ ಹಾಗೆ ಅಂತ ಅವರ ನಂಬಿಕೆ.

ಪ್ರವಾಸಿಗಳಿಗೆ ಅಂತ ಮಾಡಿದ ಚಕ್ರಗಳಲ್ಲಿ ಕೆಲವು ಸಲ ಒಳಗೆ ಏನೂ ಇರುವುದಿಲ್ಲ, ಇಲ್ಲವೇ ಚೂರು ಕಾಗದ ತುರುಕಿರುತ್ತಾರೆ. ಅದಕ್ಕೇ ತೆಗೆಸಿ ನೋಡಿ. ಖಾಲಿ ಇದ್ದರೆ "ಮಂತ್ರದ ಸುರುಳಿ ಹಾಕಿಕೊಡ್ತೀರಾ?" ಅಂತ ಕೇಳಬಹುದು.

ಜಪಮಾಲೆಯಲ್ಲಿ 108 ಮಣಿ, ನಮ್ಮ ಹಾಗೇ. ಬೋಧಿಬೀಜ, ಗಂಧ, ರುದ್ರಾಕ್ಷಿ ಎಲ್ಲ ಸಿಗುತ್ತದೆ. ಒಂದು ಎಚ್ಚರ. ಬಿಳಿ ಮಣಿಯ ಮಾಲೆ ಎಷ್ಟೋ ಸಲ ಯಾಕ್ ಅಥವಾ ಎಮ್ಮೆಯ ಮೂಳೆಯದು. ಅವರಲ್ಲಿ ಅದಕ್ಕೆ ಅರ್ಥ ಇದೆ, ಸಾವನ್ನು ನೆನಪಿಸಿಕೊಳ್ಳುವುದಕ್ಕೆ. ನಮ್ಮ ಎಷ್ಟೋ ಮನೆಗಳಲ್ಲಿ ದೇವರ ಮುಂದೆ ಇಡಲು ಅದು ಆಗುವುದಿಲ್ಲ. ಅಮ್ಮನಿಗೆ, ಅತ್ತೆಗೆ ಅಂತ ತರುವಾಗ "ಇದು ಮೂಳೆಯದಾ?" ಅಂತ ಕೇಳಿ.

ಬಾವುಟ ಅಲ್ಲ, ಲುಂಗ್ತಾ

ಬೈಕಿಗೆ ಕಟ್ಟುವ ಆ ಬಣ್ಣದ ಬಟ್ಟೆಯ ಹೆಸರು ಲುಂಗ್ತಾ, ಗಾಳಿಯ ಕುದುರೆ ಅಂತ ಅರ್ಥ. ನಡುವೆ ಒಂದು ಕುದುರೆಯ ಚಿತ್ರ ಇರುತ್ತದೆ, ಸುತ್ತ ಮಂತ್ರ. ಗಾಳಿ ಬೀಸಿದಾಗ ಆ ಪ್ರಾರ್ಥನೆ ಎಲ್ಲರಿಗೂ ತಲುಪಲಿ ಅನ್ನುವುದು ಆಶಯ. ಬಣ್ಣದ ಕ್ರಮ ಇದೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಕೊಳ್ಳುವಾಗ ಕ್ರಮ ಸರಿ ಇದೆಯಾ ನೋಡಿ, ಅಗ್ಗದ್ದರಲ್ಲಿ ಅಡ್ಡಾದಿಡ್ಡಿ ಹೊಲಿದಿರುತ್ತಾರೆ.

ಹತ್ತಿಬಟ್ಟೆಯದು ತಗೊಳ್ಳಿ. ಪಾಲಿಯೆಸ್ಟರ್ ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ಲುಂಗ್ತಾ ಬಾಳಲೇಬೇಕು ಅಂತ ಅವರು ಕಟ್ಟುವುದಿಲ್ಲ. ಬಿಸಿಲಿಗೆ ಮಾಸಿ, ಗಾಳಿಗೆ ನೂಲು ನೂಲಾಗಿ ಹೋಗಬೇಕು. ಕಟ್ಟುವುದು ಎತ್ತರದಲ್ಲಿ, ಗಾಳಿ ಬರುವ ಕಡೆ. ಗಾಡಿಯ ಚಕ್ರದ ಹತ್ತಿರ ಕೆಸರು ಎರಚುವಲ್ಲಿ ಕಟ್ಟಿದರೆ ಅವರಿಗೆ ನೋವಾಗುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ಬೈಕಿಗೆ ಬೇಕೇ ಬೇಕು ಅಂದರೆ ಹ್ಯಾಂಡಲ್ ಮೇಲೆ ಕಟ್ಟಿ.

ಥಾಂಕಾ

ಬಟ್ಟೆಯ ಮೇಲೆ ಬರೆದ ದೇವರ ಚಿತ್ರ, ಸುತ್ತ ಜರಿ ಬಟ್ಟೆಯ ಅಂಚು. ಕೈಯಲ್ಲಿ ಬರೆದ ಒಂದು ಚಿತ್ರಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸುಣ್ಣದಂಥ ಬಿಳಿ ಪುಡಿ ಮತ್ತು ಅಂಟು ಬಳಿದು, ಉಜ್ಜಿ ನಯ ಮಾಡಿ, ಅಳತೆಯ ಗೆರೆ ಎಳೆದು ಆಮೇಲೆ ಬರೆಯುತ್ತಾರೆ. ಬುದ್ಧನ ಮುಖದ ಅಳತೆ ಕಲಾವಿದನ ಇಷ್ಟಕ್ಕೆ ಬಿಟ್ಟದ್ದಲ್ಲ, ಶಾಸ್ತ್ರದಲ್ಲಿ ಹೇಳಿದ ಹಾಗೇ ಇರಬೇಕು.

ಸಾವಿರ, ಎರಡು ಸಾವಿರಕ್ಕೆ ಸಿಗುವುದು ಮುದ್ರಣ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಸಣ್ಣ ಚುಕ್ಕೆಗಳು ಕಂಡರೆ ಮುದ್ರಣ. ಕೈಬರಹವಾದರೆ ಕುಂಚದ ಗೆರೆ ದಪ್ಪ ತೆಳು ಆಗುವುದು ಕಾಣುತ್ತದೆ, ಕಣ್ಣಿನ ರೆಪ್ಪೆಯ ಹತ್ತಿರ ಕೂದಲೆಳೆಯಷ್ಟು ಸಣ್ಣ ಗೆರೆ ಇರುತ್ತದೆ. ಮುದ್ರಣದ ಮೇಲೆ ಅಲ್ಲಲ್ಲಿ ಚಿನ್ನದ ಬಣ್ಣ ಹಚ್ಚಿ ಕೈಬರಹ ಅಂತ ಮಾರುವವರೂ ಇದ್ದಾರೆ, ಹಾಗಾಗಿ ಚಿನ್ನ ಇಲ್ಲದ ಜಾಗವನ್ನು ನೋಡಿ. ಮನೆಯ ಗೋಡೆಗೆ ಮುದ್ರಣ ಸಾಕು ಅನ್ನಿಸಿದರೆ ಅದೂ ಸರಿ. ಮಲಗುವ ಕೋಣೆಯಲ್ಲಿ ಕಾಲಿನ ಕಡೆ ಮಾತ್ರ ತೂಗುಹಾಕಬೇಡಿ.

ಇವು ಬೇಡವೇ ಬೇಡ

ಆನೆದಂತ, ಕಸ್ತೂರಿ, ಶಹತೂಶ್ ಶಾಲು. ಶಹತೂಶ್ ಟಿಬೆಟ್‌ನ ಚಿರು ಅನ್ನುವ ಜಿಂಕೆಯಂಥ ಪ್ರಾಣಿಯನ್ನು ಕೊಂದು ತೆಗೆದ ಉಣ್ಣೆ. ಮೂರೂ ಕಾನೂನಿನ ಪ್ರಕಾರ ಅಪರಾಧ, ಇಟ್ಟುಕೊಂಡವರಿಗೂ ಶಿಕ್ಷೆ ಇದೆ.

"ಇದು ಇನ್ನೂರು ವರ್ಷ ಹಳೆಯದು" ಅಂದರೆ ಎರಡು ಸಾಧ್ಯತೆ. ಹೊಸದನ್ನು ಮಸಿ ಹಚ್ಚಿ ಹಳೆಯದು ಮಾಡಿರಬಹುದು. ನಿಜವಾಗಿ ಹಳೆಯದಾದರೆ 1972ರ ಪುರಾತನ ವಸ್ತುಗಳ ಕಾನೂನಿನಲ್ಲಿ ನೂರು ವರ್ಷ ದಾಟಿದ ಮೂರ್ತಿ, ಚಿತ್ರಗಳನ್ನು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಅಮೆರಿಕ, ದುಬೈಯಲ್ಲಿರುವ ಮಗನಿಗೆ, ಮಗಳಿಗೆ ಕಳಿಸುವವರು ಇದನ್ನು ನೆನಪಿಡಿ. ಹೊಸ ವಸ್ತುವಾದರೂ ಬಿಲ್ಲು ಜೊತೆಗಿಡಿ. ಮೂಳೆಯ ಮಾಲೆ ಕೆಲವು ದೇಶಗಳ ಕಸ್ಟಮ್ಸ್‌ನಲ್ಲಿ ತೊಂದರೆ ಕೊಡುತ್ತದೆ.

ಬೆಲೆ

ಬೋಣಿ ಹೊತ್ತಲ್ಲಿ ಹೋಗಿದ್ದರೆ ಜಾಸ್ತಿ ಚೌಕಾಸಿ ಬೇಡ. ಧೂಪ, ಲುಂಗ್ತಾದಂಥ ಸಣ್ಣ ವಸ್ತುಗಳಿಗೆ ಚೌಕಾಸಿ ಮಾಡುವುದೇ ನನಗೆ ಸರಿ ಕಾಣುವುದಿಲ್ಲ, ಅದರಲ್ಲಿ ಉಳಿಯುವುದು ಹತ್ತೋ ಇಪ್ಪತ್ತೋ. ಬಟ್ಟಲು, ಬೆಳ್ಳಿ, ಥಾಂಕಾಕ್ಕೆ ನಾಲ್ಕು ಅಂಗಡಿಯಲ್ಲಿ ವಿಚಾರಿಸಿ, ಆಮೇಲೆ "ಸ್ವಲ್ಪ ನೋಡ್ಕೊಂಡು ಹೇಳಿ ಅಮಾ-ಲಾ" ಅನ್ನಿ. ಕಡಿಮೆ ಮಾಡುವುದಿದ್ದರೆ ಅಲ್ಲೇ ಮಾಡುತ್ತಾರೆ. ಆಗುವುದಿಲ್ಲ ಅಂದರೆ ಎರಡನೇ ಸಲ ಕೇಳಬೇಡಿ. ಫೋನಿನಲ್ಲಿ ದುಡ್ಡು ಕಳಿಸಬಹುದು, ಆದರೂ ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಅಂತ ಸ್ವಲ್ಪ ನಗದು ಇಟ್ಟುಕೊಳ್ಳಿ.

ದೊಡ್ಡದೇನಾದರೂ ಕೊಳ್ಳುವ ಮನಸ್ಸಿದ್ದರೆ, ಕೈಮಗ್ಗದ ಕಾರ್ಪೆಟ್ ಎಲ್ಲಿ ನೇಯುತ್ತಾರೆ ಅಂತ ವಿಚಾರಿಸಿ. ನೇಯುವ ಸರಳಿಗೆ ಉಣ್ಣೆಯನ್ನು ಕುಣಿಕೆ ಕುಣಿಕೆಯಾಗಿ ಸುತ್ತಿ, ಒಂದು ಸಾಲು ಮುಗಿದ ಮೇಲೆ ಚಾಕುವಿನಿಂದ ಉದ್ದಕ್ಕೂ ಕತ್ತರಿಸುತ್ತಾರೆ. ಆಗ ಗಂಟುಗಳೆಲ್ಲ ಬಾಯಿಬಿಟ್ಟು ಹುಲ್ಲಿನ ಹಾಗೆ ನಿಲ್ಲುತ್ತವೆ. ಆ ಮಗ್ಗದ ಮುಂದೆ ಕೂತ ಹೆಂಗಸರು ಹತ್ತಾರು ವರ್ಷದಿಂದ ಇದೇ ಕೆಲಸ ಮಾಡಿದವರು. ಮಾಡಿದವರ ಕೈಯಿಂದಲೇ ವಸ್ತು ತರುವ ಅವಕಾಶ ಎಲ್ಲ ಕಡೆ ಸಿಗುವುದಿಲ್ಲ.

ಮನೆಗೆ ತಂದ ಮೇಲೆ

ದಾರಿಯಲ್ಲಿ ಧೂಪವನ್ನು ತಿಂಡಿಯ ಚೀಲದಲ್ಲಿ ಇಡಬೇಡಿ. ಚಕ್ಕುಲಿಗೂ ಜಟಾಮಾಂಸಿ ವಾಸನೆ ಹಿಡಿಯುತ್ತದೆ. ಥಾಂಕಾವನ್ನು ಕೆಳಗಿನಿಂದ ಮೇಲಕ್ಕೆ, ಚಿತ್ರ ಒಳಗೆ ಬರುವ ಹಾಗೆ ಸಡಿಲವಾಗಿ ಸುತ್ತಿ. ಮಡಚಿದರೆ ಬಣ್ಣ ಬಿರಿಯುತ್ತದೆ. ಕಂಚಿನ ಬಟ್ಟಲನ್ನು ಹುಣಸೆಹಣ್ಣಿನಲ್ಲಿ ತಿಕ್ಕಬಹುದು, ಆದರೆ ತೊಳೆದು ತಕ್ಷಣ ಒರೆಸಬೇಕು. ಕೆಳಗೆ ಬಿದ್ದರೆ ಕಂಚು ಬಿರಿಯುತ್ತದೆ, ದಪ್ಪ ಬಟ್ಟೆಯ ಸಿಂಬಿ ಮೇಲೆ ಇಡಿ. ಫಿರೋಜಾ ಉಂಗುರವನ್ನು ಪಾತ್ರೆ ತೊಳೆಯುವಾಗ ತೆಗೆದಿಡಿ. ನಿಜವಾದ ಫಿರೋಜಾ ಎಣ್ಣೆ, ಸೋಪು, ಬೆವರು ಎಲ್ಲ ಹೀರಿಕೊಂಡು ವರ್ಷಗಳಲ್ಲಿ ಹಸಿರಿಗೆ ತಿರುಗುತ್ತದೆ.

ಲುಂಗ್ತಾ ಪೂರ್ತಿ ಹರಿದು ಹೋದ ಮೇಲೆ ಕಸದ ಬುಟ್ಟಿಗೆ ಹಾಕಬೇಡಿ. ಬಿಚ್ಚಿ, ಶುಚಿಯಾದ ಜಾಗದಲ್ಲಿ ಸುಟ್ಟುಬಿಡಿ. ಹತ್ತಿಯದನ್ನೇ ತಗೊಳ್ಳಿ ಅಂದದ್ದು ಇದಕ್ಕೂ ಹೌದು, ಪಾಲಿಯೆಸ್ಟರ್ ಸುಟ್ಟರೆ ಕರಗಿ ಕೆಟ್ಟ ಹೊಗೆ ಬರುತ್ತದೆ.

ಧೂಪ ಹಚ್ಚುವುದು ಹೇಗೆ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಕಡ್ಡಿ ಇಲ್ಲದ್ದರಿಂದ ನಾವು ಮಾಡುವ ಹಾಗೆ ಬಾಳೆಹಣ್ಣಿಗೆ ಚುಚ್ಚಿ ನಿಲ್ಲಿಸಲು ಆಗುವುದಿಲ್ಲ, ಮುರಿಯುತ್ತದೆ. ಒಂದು ಅಗಲ ಬಟ್ಟಲಿಗೆ ಜರಡಿ ಹಿಡಿದ ಒಣ ಬೂದಿ ತುಂಬಿ. ಬೂದಿ ಇಲ್ಲದಿದ್ದರೆ ಶುರುವಿಗೆ ಅಕ್ಕಿ ತುಂಬಿ, ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಅಕ್ಕಿಯಲ್ಲಿ ಹುಗಿದಷ್ಟು ಭಾಗ ಉರಿಯದೆ ಉಳಿಯುತ್ತದೆ, ಆ ಚೂರುಗಳನ್ನು ಎತ್ತಿಡಿ. ಒಂದೆರಡು ತಿಂಗಳಲ್ಲಿ ಧೂಪದ್ದೇ ಬೂದಿ ಸಾಕಷ್ಟು ಸೇರುತ್ತದೆ. ಆಗ ಅಕ್ಕಿ ತೆಗೆದು ಬೂದಿ ತುಂಬಿ, ಧೂಪವನ್ನು ಅದರ ಮೇಲೆ ಮಲಗಿಸಿ, ಕೊನೆಯ ತನಕ ಉರಿ ತಾನೇ ಹೋಗುತ್ತದೆ. ಎತ್ತಿಟ್ಟ ಚೂರುಗಳನ್ನೂ ಅದರ ಮೇಲೇ ಹಾಕಿ. ಉಳಿದ ಕಟ್ಟನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ಮಳೆಗಾಲದಲ್ಲಿ ಹೊರಗಿಟ್ಟರೆ ತೇವ ಹಿಡಿದು ಅರ್ಧಕ್ಕೇ ಆರುತ್ತದೆ.